ಪ್ರಾರ್ಥನೆಯ ಬೆಟ್ಟದಲ್ಲಿ ಬಡಿಯದ ಬಾಗಿಲು

ತುಮಕೂರು

ಕೊರಿಯಾಕ್ಕೆ ಹೋಗಿ ಬಂದ ಮೇಲೆ ನನ್ನನ್ನು ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಏನು ತಿಂದಿರಿ, ಚಳಿ ಹೇಗಿತ್ತು? ಎರಡಕ್ಕೂ ನನ್ನ ಬಳಿ ಉದ್ದುದ್ದ ಉತ್ತರಗಳಿವೆ. ಆದರೆ ಆ ಪ್ರವಾಸದಲ್ಲಿ ನಮ್ಮ ಮೂವರಲ್ಲಿ ಒಬ್ಬರು ಸಾಯುವುದರಲ್ಲಿದ್ದರು. ಅವರು ಬದುಕಿದ ಕಥೆಯನ್ನು ನಾನು ಚರ್ಚಿನಲ್ಲಿ ನಿಂತು ಹೇಳಿದ್ದೇನೆ, ಜನ ಕಣ್ಣೊರೆಸಿಕೊಂಡು ಕೇಳಿದ್ದಾರೆ. ಅದರಲ್ಲಿ ಒಂದು ವಾಕ್ಯವನ್ನು ಬಿಟ್ಟು ಹೇಳಿದ್ದೆ. ಈಗ ಬಿಡದೆ ಬರೆಯುತ್ತೇನೆ.

ಅದರ ಹಿಂದಿನ ವರ್ಷ ಕೊರಿಯಾದ ಒಂದು ಚರ್ಚಿನ ಸಭೆಯವರು ನಮ್ಮ ಕಡೆ ಬಂದಿದ್ದರು. ಹಳ್ಳಿಯ ಮನೆಪ್ರಾರ್ಥನೆಗಳಲ್ಲಿ ನೆಲದ ಮೇಲೆ ಕೂತು, ಮುದ್ದೆಯನ್ನು ನುಂಗಲು ಬಾರದೆ ಜಗಿದು, ಹೋಗುವಾಗ ‘ನಿಮ್ಮ ಹೆಂಗಸರನ್ನು ನಮ್ಮ ಪ್ರಾರ್ಥನೆಯ ಬೆಟ್ಟಕ್ಕೆ ಕಳಿಸಿಕೊಡಿ’ ಎಂದರು. ನಮ್ಮ ಸಭಾಪಾಲಕರು ಮೂರು ಊರಿನಿಂದ ಮೂವರನ್ನು ಆರಿಸಿದರು.

ತುಮಕೂರಿನಿಂದ ನಾನು, ಸುಶೀಲಾ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಂಗ್ಲಿಷ್ ಬರುತ್ತದೆಂದು ನನ್ನನ್ನು ಮುಂದಾಳು ಮಾಡಿದರು. ಗುಬ್ಬಿಯಿಂದ ಕರುಣಮ್ಮ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತರಾದವರು, ಅರವತ್ತು ದಾಟಿದ್ದರು. ಅವರು ಪ್ರಾರ್ಥನೆಗೆ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿ ಆರಿದರೂ ಏಳುವವರಲ್ಲ. ಕುಣಿಗಲ್ಲಿನಿಂದ ರತ್ನಮ್ಮ. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡನ ಮನೆಯವರೆಲ್ಲ ಹಿಂದೂಗಳು. ಕಾಯಿಲೆಯಲ್ಲಿದ್ದಾಗ ಯಾರೋ ಬಂದು ಪ್ರಾರ್ಥನೆ ಮಾಡಿದರೆಂದು ಇವಳೊಬ್ಬಳೇ ಐದಾರು ವರ್ಷದಿಂದ ಕೂಟಕ್ಕೆ ಬರುತ್ತಿದ್ದಳು. ಅತ್ತೆಗೆ ಬೇಜಾರಾಗುತ್ತದೆಂದು ಹಣೆಗೆ ಕುಂಕುಮ ಇಡುವುದನ್ನು ಬಿಟ್ಟಿರಲಿಲ್ಲ. ಪ್ರಾರ್ಥನೆಯಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಲು ಅವಳಿಂದ ಆಗುತ್ತಿರಲಿಲ್ಲ. ಇವಳನ್ನು ಯಾಕೆ ಆರಿಸಿದರೋ ಎಂದು ನಾವಿಬ್ಬರೂ ಒಳಗೊಳಗೇ ಅಂದುಕೊಂಡಿದ್ದೆವು. ಕರುಣಮ್ಮ ಒಮ್ಮೆ ಬಾಯಿಬಿಟ್ಟೂ ಅಂದರು.

“ನೀನು ಅಲ್ಲಿಗೆ ಬಂದು ಏನು ಮಾಡ್ತೀಯ ರತ್ನ?”

“ನೀವು ಕಣ್ಮುಚ್ಕೊಂಡಿರ್ತೀರಲ್ಲ ಅಕ್ಕ, ಚಪ್ಪಲಿ ಬ್ಯಾಗು ಯಾರಾನ ನೋಡ್ಕೋಬೇಕಲ್ಲ” ಅಂದಳು ರತ್ನಮ್ಮ.

ಸಿಯೋಲ್

ಊರಿನಲ್ಲಿ ನಾವು ಇನ್ನೊಬ್ಬರಿಗೆ ಸುವಾರ್ತೆ ಸಾರುವವರು. ಸಿಯೋಲ್ ನಗರದಲ್ಲಿ ನಮಗೇ ಸಾರಿದರು. ನೆಲದಡಿಯ ರೈಲಿನಲ್ಲಿ ಒಬ್ಬ ಮುದುಕ ಎದೆಯ ಮೇಲೆ ಕೆಂಪು ಶಿಲುಬೆಯ ಹಲಗೆ ತೂಗುಹಾಕಿಕೊಂಡು, ಈ ಬೋಗಿಯಿಂದ ಆ ಬೋಗಿಗೆ ಕೂಗುತ್ತ ಹೋಗುತ್ತಿದ್ದ. ಯಾರೂ ತಲೆಯೆತ್ತಲಿಲ್ಲ. ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಯಾರಾದರೂ ಮೈಕು ಹಿಡಿದರೆ ಗುಂಪು ಸೇರುತ್ತದೆ, ಯಾರೋ ಜಗಳಕ್ಕೆ ನಿಲ್ಲುತ್ತಾರೆ, ಕಡಲೆಕಾಯಿ ಮಾರುವವನು ಅಲ್ಲಿಗೇ ಗಾಡಿ ತಳ್ಳಿಕೊಂಡು ಬರುತ್ತಾನೆ. ಇಲ್ಲಿ ಬೈಯುವವರೂ ಇಲ್ಲದೆ ಆ ಮುದುಕನ ಕೂಗು ಒಂಟಿಯಾಗಿತ್ತು. ಅವನು ನಮ್ಮ ಮುಂದೆ ಬಂದು ನಿಂತ. ಸೀರೆಯ ಒಳಗೆ ಉಣ್ಣೆಯ ಪೈಜಾಮ, ಮೇಲೆ ಗಂಡಸರ ಕೋಟು ಹಾಕಿಕೊಂಡ ಮೂರು ಹೆಂಗಸರು. ಒಬ್ಬಳ ಹಣೆಯಲ್ಲಿ ಕುಂಕುಮ. ಅವನಿಗೆ ಇನ್ನೇನು ಬೇಕು?

ನಾನು ಕೈಯಿಂದ ಶಿಲುಬೆಯ ಗುರುತು ಮಾಡಿ, ನಮ್ಮತ್ತ ಬೆರಳು ತೋರಿಸಿ ‘ನಾವೂ’ ಎಂದು ಸನ್ನೆ ಮಾಡಿದೆ. ನಂಬಲಿಲ್ಲ. ರತ್ನಮ್ಮನ ಕೈಗೆ ನಾಲ್ಕು ಕರಪತ್ರ ತುರುಕಿ ಮುಂದೆ ಹೋದ. ಸಂಜೆಯ ಹೊತ್ತಿಗೆ ಅವಳ ಬಳಿ ಒಂದು ಕಟ್ಟು ಸೇರಿತ್ತು.

“ಬಿಸಾಕು” ಅಂದೆ.

“ಕಾಗ್ದ ಚೆನ್ನಾಗೈತೆ ಟೀಚರಮ್ಮ. ಊರಲ್ಲಿ ನಾವ್ ಕೊಟ್ಟಿದ್ದನ್ನೂ ಹಿಂಗೇ ಬಿಸಾಕ್ತಾರಲ್ಲ, ಪಾಪ.”

ಸಂಜೆ ಕತ್ತಲಾಗುತ್ತಿದ್ದ ಹಾಗೆ ಊರ ಮೇಲೆಲ್ಲ ಕೆಂಪು ನಿಯಾನ್ ಶಿಲುಬೆಗಳು ಹೊತ್ತಿಕೊಂಡವು. ಎಣಿಸಲು ಹೋಗಿ ಬಿಟ್ಟುಬಿಟ್ಟೆ. ನಮ್ಮ ಊರುಗಳಲ್ಲಿ ಚರ್ಚೆಂದರೆ ಒಂದು ಕಾಂಪೌಂಡು, ಒಂದು ಗಂಟೆ, ಅದರ ಹಗ್ಗ ಎಳೆಯುವವನೊಬ್ಬ. ಇಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ಚರ್ಚು, ಔಷಧಿ ಅಂಗಡಿಯ ಮೇಲೆ ಇನ್ನೊಂದು. ಕರುಣಮ್ಮ ಕಿಟಕಿಗೆ ಹಣೆ ಆನಿಸಿ ಬಹಳ ಹೊತ್ತು ನೋಡಿದರು. “ಬದುಕಿರೋವಾಗ್ಲೇ ಇಷ್ಟು ನೋಡಿದ್ನಲ್ಲ” ಅಂದರು.

ಬೆಟ್ಟ, ಮೊದಲ ದಿನ

ಪ್ರಾರ್ಥನೆಯ ಬೆಟ್ಟವೆಂದರೆ ನಮ್ಮ ದೇವರಾಯನದುರ್ಗದಷ್ಟು ಎತ್ತರವೂ ಇಲ್ಲ. ಆದರೆ ಕಾಡು, ಕಾಡಿನ ಮೇಲೆ ಹಿಮ. ಬೆಳಗಿನ ನಾಲ್ಕೂವರೆಗೆ ಗಂಟೆ ಬಾರಿಸುತ್ತಾರೆ. ಹಾಸಿಗೆ ಮಡಚಿಟ್ಟು ಎಲ್ಲರೂ ದೊಡ್ಡ ಹಾಲಿಗೆ ಓಡುತ್ತಾರೆ. ನಮ್ಮಲ್ಲಿ ಒಬ್ಬರು ಪ್ರಾರ್ಥಿಸಿದರೆ ಉಳಿದವರು ‘ಆಮೆನ್’ ಅನ್ನುವುದು ರೂಢಿ. ಅವರು ಹಾಗಲ್ಲ. ‘ಕರ್ತನೇ’ ಎಂದು ಅವರ ಭಾಷೆಯಲ್ಲಿ ಒಟ್ಟಿಗೆ ಮೂರು ಸಲ ಕೂಗಿ, ಆಮೇಲೆ ಪ್ರತಿಯೊಬ್ಬರೂ ತಂತಮ್ಮ ಕಷ್ಟವನ್ನು ಗಟ್ಟಿಯಾಗಿ, ಒಂದೇ ಕಾಲಕ್ಕೆ ಹೇಳಿಕೊಳ್ಳುತ್ತಾರೆ. ಸಾವಿರ ಜನ ಒಮ್ಮೆಗೇ. ನಾನು ಕಿವಿ ಮುಚ್ಚಿಕೊಂಡೆ. ರತ್ನಮ್ಮ ಮಾತ್ರ ಸುತ್ತ ನೋಡಿ, ಇದು ಚೆನ್ನಾಗಿದೆ ಎಂಬಂತೆ, ಗಂಡನ ಬೀಡಿ, ಮಗಳ ಮದುವೆ, ಸೋರುವ ಹೆಂಚು ಎಲ್ಲವನ್ನೂ ಕೂಗಿ ಹೇಳತೊಡಗಿದಳು. ಅವಳು ಅಷ್ಟು ಹೊತ್ತು ಪ್ರಾರ್ಥನೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಾಲಿನ ಹಿಂದೆ ಇಳಿಜಾರಿನಲ್ಲಿ ಸಾಲು ಸಾಲು ಪುಟ್ಟ ಕೋಣೆಗಳು. ಒಬ್ಬರು ಮೊಣಕಾಲೂರಿ ಕೂರುವಷ್ಟೇ ಜಾಗ. ಕಿಟಕಿಯಿಲ್ಲ, ಒಳಗಿನಿಂದ ಕೊಂಡಿ. ಉಪವಾಸವಿದ್ದು ಒಂಟಿಯಾಗಿ ಪ್ರಾರ್ಥಿಸುವವರಿಗೆ. ಬಾಗಿಲ ಹೊರಗೆ ಬೂಟುಗಳಿದ್ದರೆ ಒಳಗೆ ಒಬ್ಬರು ದೇವರ ಜೊತೆ ಮಾತಿನಲ್ಲಿದ್ದಾರೆ ಎಂದರ್ಥ. ಬಡಿಯಬಾರದು, ಕರೆಯಬಾರದು, ಹತ್ತಿರ ನಿಂತು ಮಾತನಾಡಬಾರದು. ಇದನ್ನು ನಮಗೆ ಇಂಗ್ಲಿಷಿನಲ್ಲಿ ಹೇಳಿದವಳು ಅಲ್ಲಿನ ಒಬ್ಬ ಹುಡುಗಿ. ನಾನು ಕನ್ನಡದಲ್ಲಿ ಹೇಳುವಾಗ ಇನ್ನಷ್ಟು ಬಿಗಿ ಮಾಡಿ ಹೇಳಿದೆ. ರತ್ನಮ್ಮನಿಗೆ ತಿಳಿಯಲಿ ಎಂದು.

ಕೆಳಗಿನ ಸಾಲಿಗೆ ಕರೆಂಟಿನ ಬಿಸಿ. ಎಲ್ಲಕ್ಕಿಂತ ಮೇಲಿನ ಹಳೆಯ ಸಾಲಿಗೆ ಮಾತ್ರ ಹಿಂದಿನ ಕಾಲದ ಏರ್ಪಾಟು. ಗೋಡೆಯಾಚೆ ಒಲೆ, ಅದರಲ್ಲಿ ತೂತುತೂತಿನ ಕಲ್ಲಿದ್ದಲ ಬಿಲ್ಲೆ. ಅದರ ಬಿಸಿ ಹೊಗೆ ನೆಲದ ಚಪ್ಪಡಿಗಳ ಅಡಿಯಲ್ಲಿ ಹಾದುಹೋಗಿ ಕೋಣೆ ಬೆಚ್ಚಗಾಗುತ್ತದೆ. ಕರುಣಮ್ಮನಿಗೆ ಆ ಸಾಲೇ ಇಷ್ಟವಾಯಿತು. ಯಾರೂ ಅಷ್ಟು ದೂರ ಹತ್ತುವುದಿಲ್ಲ, ಸದ್ದಿಲ್ಲ.

ರತ್ನಮ್ಮ ಒಲೆಯ ಬಾಯಿಗೆ ಬಗ್ಗಿ ನೋಡಿದಳು. “ಅಕ್ಕ, ಬಾಗ್ಲು ಒಂಚೂರು ತೆಗ್ದಿಟ್ಕಳಿ. ನಮ್ಮಲ್ಲಿ ಬಾಣಂತಿ ಕ್ವಾಣೆಗೆ ಕೆಂಡ ಇಟ್ರೆ ಬಾಗ್ಲು ಪೂರ್ತಿ ಹಾಕಲ್ಲ. ತಲೆ ಹಿಡ್ಕಬುಡ್ತದೆ.”

“ಇದು ಬಾಣಂತಿ ಕೋಣೆಯಲ್ಲ ರತ್ನಮ್ಮ, ಹೊಗೆ ಹೊರಗೆ ಹೋಗೋಕೆ ಕೊಳವೆ ಇದೆ, ನೋಡು” ಎಂದು ನಾನು ಚಿಮಣಿ ತೋರಿಸಿದೆ. ಒಂಬತ್ತನೇ ತರಗತಿಗೆ ಪ್ರತಿವರ್ಷ ಕಾರ್ಬನ್ ಮಾನಾಕ್ಸೈಡ್ ಪಾಠ ಮಾಡುವವಳು ನಾನು. ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಬೋರ್ಡಿನ ಮೇಲೆ ಬರೆಸುವವಳು.

ಬೆಟ್ಟ, ಮೂರನೆಯ ದಿನ

ಆ ದಿನ ಕರುಣಮ್ಮ ಬೆಳಗಿನ ಪ್ರಾರ್ಥನೆ ಮುಗಿಸಿ ಮೇಲಿನ ಸಾಲಿಗೆ ಹೋದರು. ಸಂಜೆ ನಾಲ್ಕರವರೆಗೆ ಉಪವಾಸ, ಯಾರೂ ಬರಬೇಡಿ ಎಂದು ಹೇಳಿಹೋದರು.

ಮಧ್ಯಾಹ್ನ ಊಟಕ್ಕೆ ಮುಂಚೆ ನಾನೂ ರತ್ನಮ್ಮನೂ ಆ ಕಡೆ ನಡೆದುಹೋದೆವು. ಹಿಮ ನಿಂತು ಬಿಸಿಲು ಬಂದಿತ್ತು. ಕರುಣಮ್ಮನ ಕೋಣೆಯ ಮುಂದೆ ಅವರ ಕಂದು ಬೂಟುಗಳು, ಯಾರೋ ಕೊಟ್ಟಿದ್ದ ದೊಡ್ಡ ಅಳತೆಯವು, ಪಕ್ಕಪಕ್ಕ ಜೋಡಿಸಿಟ್ಟಿದ್ದವು. ಅವುಗಳೊಳಗೆ ತೆಳ್ಳಗೆ ಹಿಮ ಸೇರಿತ್ತು. ಈಗಲೂ ಸ್ಕೂಲಿನಲ್ಲಿ ಮಕ್ಕಳ ಬೂಟುಗಳ ಸಾಲು ನೋಡಿದರೆ ನನ್ನ ಕಾಲು ಅಲ್ಲೇ ನಿಲ್ಲುತ್ತದೆ.

ರತ್ನಮ್ಮ ಬಾಗಿಲಿಗೆ ಕಿವಿಯಿಟ್ಟಳು.

“ಟೀಚರಮ್ಮ, ಸದ್ದೇ ಇಲ್ಲ. ಬೆಳಿಗ್ಗೆ ಹಾಡ್ತಿದ್ರು.”

“ಮೌನವಾಗಿ ಪ್ರಾರ್ಥನೆ ಮಾಡ್ತಿರ್ತಾರೆ.”

“ಬಡೀಲಾ?”

“ಬೇಡ.”

“ಒಂದ್ಸಲ ಬಡೀತೀನಿ. ಬೈದ್ರೆ ನಾನು ಬೈಸ್ಕಂತೀನಿ.”

“ಬೇಡ ಅಂದ್ನಲ್ಲ ರತ್ನಮ್ಮ. ಎಲ್ಲಾದ್ರಲ್ಲೂ ನಿನ್ನದೊಂದು. ಮೂರು ದಿನದಿಂದ ಹೇಳಿಸ್ಕೊಂಡಿದ್ದೀಯ. ನಡಿ.”

ಇದೇ ನಾನು ಬಿಟ್ಟಿದ್ದ ವಾಕ್ಯ. ಒಂದೇ ವಾಕ್ಯವೂ ಅಲ್ಲ, ನೋಡಿದರೆ ನಾಲ್ಕಿವೆ. ಗಟ್ಟಿಯಾಗೇ ಹೇಳಿದ್ದೆ.

ನಾವು ಇಳಿಯತೊಡಗಿದೆವು. ಮೆಟ್ಟಿಲ ತಿರುವಿನ ಹತ್ತಿರ ರತ್ನಮ್ಮ ನಿಂತಳು. “ಬ್ಯಾಗು ಅಲ್ಲೇ ಬಿಟ್ಟೆ. ನೀವು ನಡೀರಿ, ತಕಂಡು ಬತ್ತೀನಿ” ಎಂದಳು. ಅವಳ ಕೈಯಲ್ಲಿ ಬ್ಯಾಗು ಇದ್ದಿತೋ ಇಲ್ಲವೋ ನಾನು ಗಮನಿಸಲಿಲ್ಲ. ಊಟದ ಹಾಲಿನ ಬಾಗಿಲು ತಲುಪಿದ್ದೆ, ಕೂಗು ಕೇಳಿಸಿತು. ಬೆಟ್ಟದಲ್ಲಿ ಎಲ್ಲರೂ ಕೂಗುವವರೇ. ಆದರೂ ಇದು ಕನ್ನಡದಲ್ಲಿತ್ತು.

“ಟೀಚರಮ್ಮಾ! ಬನ್ರೀ! ಅಕ್ಕ ಹೋದ್ರು!”

ಓಡಿದೆ. ಎರಡು ಸಲ ಜಾರಿ ಬಿದ್ದೆ. ರತ್ನಮ್ಮ ಹಿಮ ತಳ್ಳುವ ಸಲಿಕೆಯ ತುದಿಯನ್ನು ಬಾಗಿಲ ಸಂದಿಗೆ ತೂರಿಸಿ ಕೊಂಡಿಯನ್ನೇ ಕಿತ್ತಿದ್ದಳು. ಕರುಣಮ್ಮ ಮೊಣಕಾಲೂರಿದ್ದ ಹಾಗೇ ಮುಂದಕ್ಕೆ ಬಿದ್ದಿದ್ದರು. ಕೆನ್ನೆ ಕೆಂಪಗೆ, ಆರೋಗ್ಯವಂತರ ಹಾಗೆ. ಬಾಯಲ್ಲಿ ನೊರೆ. ರತ್ನಮ್ಮ ಅವರ ಕಂಕುಳಿಗೆ ಕೈಹಾಕಿ ಎಳೆಯುತ್ತಿದ್ದಳು. ನಾನು ಕಾಲು ಹಿಡಿದೆ. ಹಿಮದ ಮೇಲೆ ಮಲಗಿಸಿದಾಗ ರತ್ನಮ್ಮ ಅವರ ಕೆನ್ನೆಗೆ ಪಟಪಟನೆ ಹೊಡೆದಳು. “ಅಕ್ಕ, ಉಸ್ರಾಡ್ರೀ! ಪ್ರಾರ್ಥ್ನೆ ಆಮೇಲ್ ಮಾಡೀರಂತೆ, ಉಸ್ರಾಡ್ರೀ ಮೊದ್ಲು!”

ನಾನು ಏನು ಮಾಡುತ್ತಿದ್ದೆ? ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಯಾವಾಗ ಎತ್ತಿಕೊಂಡೆನೋ ನೆನಪಿಲ್ಲ.

ಅಡುಗೆಮನೆಯ ಮುದುಕಿಯೊಬ್ಬಳು ಬಟ್ಟಲಲ್ಲಿ ಮೂಲಂಗಿ ಉಪ್ಪಿನಕಾಯಿಯ ನೀರು ಹಿಡಿದು ಓಡಿಬಂದಳು. ಕಲ್ಲಿದ್ದಲ ಹೊಗೆ ತಲೆಗೇರಿದರೆ ಅವರಲ್ಲಿ ಅದನ್ನು ಕುಡಿಸುತ್ತಾರಂತೆ. ಡಾಕ್ಟರು ಆಮೇಲೆ ತಲೆಯಾಡಿಸಿದರು, ಅದರಿಂದ ಏನೂ ಆಗುವುದಿಲ್ಲ, ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು ಎಂದರು. ಗಾಳಿಗೆ ತಂದದ್ದೇ ಉಳಿಸಿತು ಎಂದರು. ಕೋಣೆಯ ಮೂಲೆಯಲ್ಲಿ, ನೆಲಕ್ಕೆ ಅಂಟಿಸಿದ್ದ ದಪ್ಪ ಕಾಗದದ ಅಡಿ, ಒಂದು ಚಪ್ಪಡಿ ಬಿರುಕು ಬಿಟ್ಟಿತ್ತು; ವಿಷಗಾಳಿ ಒಳಗೆ ಬಂದದ್ದು ಅಲ್ಲಿಂದ.

ಆಸ್ಪತ್ರೆ

ಎರಡು ದಿನ ಆಮ್ಲಜನಕ ಕೊಟ್ಟರು. ಕರುಣಮ್ಮ ಕಣ್ಣು ಬಿಟ್ಟರು, ನಮ್ಮ ಗುರುತು ಹಿಡಿದರು, ನೀರು ಕೇಳಿದರು. ಬಲಗೈ ಮಾತ್ರ ನಡುಗುತ್ತಿತ್ತು. ಬೆಟ್ಟದವರು ಒಬ್ಬರ ಹಿಂದೆ ಒಬ್ಬರು ಬಂದು, ತಲೆಬಾಗಿ ಕ್ಷಮೆ ಕೇಳಿದರು. ಅಷ್ಟು ಬಗ್ಗಿ ಕ್ಷಮೆ ಕೇಳುವುದನ್ನು ನಾನು ಎಲ್ಲಿಯೂ ನೋಡಿಲ್ಲ. ಹಳೆಯ ಸಾಲಿನ ಒಲೆಗಳನ್ನು ಅಂದೇ ಆರಿಸಿದರಂತೆ. ಅವರ ಪಾಸ್ಟರ್ ರತ್ನಮ್ಮನ ಎರಡೂ ಕೈ ಹಿಡಿದು, ದೇವರೇ ನಿಮ್ಮನ್ನು ಹಿಂದಕ್ಕೆ ಕಳಿಸಿದನು, ಯಾವ ಸ್ವರ ಕೇಳಿಸಿತು ಎಂದು ಕೇಳಿದರು. ನಾನು ಕನ್ನಡಕ್ಕೆ ಹೇಳಿದೆ.

“ಸ್ವರ ಎಂಥದೂ ಇಲ್ಲ” ಎಂದಳು ರತ್ನಮ್ಮ. “ಬ್ಯಾಗು ಮರ್ತೆ ಅಂತ ಟೀಚರಮ್ಮಂಗೆ ಸುಳ್ಳು ಹೇಳ್ದೆ, ಅಷ್ಟೇಯ. ಸುಳ್ಳು ಹೇಳಿದ್ದಕ್ಕೆ ಇವ್ರು ಕೈ ಮುಗೀತಾವ್ರಲ್ಲ!”

ನಾನು ಪಾಸ್ಟರಿಗೆ ಇಂಗ್ಲಿಷಿನಲ್ಲಿ ‘ಅವಳ ಮನಸ್ಸಿಗೆ ಹಾಗನ್ನಿಸಿತಂತೆ’ ಎಂದಷ್ಟೇ ಹೇಳಿದೆ. ಮುಚ್ಚಿಡುವುದು ಶುರುವಾದದ್ದು ಅಲ್ಲಿಂದ.

ಮತ್ತೆ ತುಮಕೂರು

ನಮ್ಮ ಸಭೆಯಲ್ಲಿ ದೂರ ಹೋಗಿ ಬಂದವರು ಸಾಕ್ಷಿ ಹೇಳಬೇಕು. ಭಾನುವಾರದ ಆರಾಧನೆಯಲ್ಲಿ ನಿಂತು ಹೇಳಿದೆ. ಮುಚ್ಚಿದ ಬಾಗಿಲು, ವಾಸನೆಯಿಲ್ಲದ ವಿಷ, ನಾವು ಇಬ್ಬರೂ ಇಳಿದು ಹೋಗುತ್ತಿದ್ದುದು, ದೇವರು ಒಬ್ಬಳನ್ನು ಹಿಂದಕ್ಕೆ ತಿರುಗಿಸಿದ್ದು. ಪ್ರತಿ ವಾಕ್ಯಕ್ಕೂ ಜನ ‘ಸ್ತೋತ್ರ’ ಅಂದರು. ಹೇಳಿದ್ದೆಲ್ಲ ನಿಜವೇ. ಮನೆಗೆ ಬಂದು ಊಟ ಮಾಡಲಾಗಲಿಲ್ಲ.

ಹಳ್ಳಿಗಳಲ್ಲಿ ಸುವಾರ್ತೆ ಸಾರುವ ನಮ್ಮ ಸುವಾರ್ತಿಕರೊಬ್ಬರು ಅಂದು ಕೂತು ಕೇಳಿದ್ದರು. ಇದನ್ನು ಒಂದು ಕರಪತ್ರ ಮಾಡೋಣ ಮೇಡಂ ಎಂದರು. ಕುಣಿಗಲ್ಲು, ಮಾರ್ಕೋನಹಳ್ಳಿ ಕಡೆಯೆಲ್ಲ ಹಂಚಬಹುದು, ನಮ್ಮ ಕಡೆಯ ಹೆಂಗಸಿನ ಬದುಕಿನಲ್ಲೇ ನಡೆದದ್ದು ಎಂದರೆ ಜನ ಕೂತು ಓದುತ್ತಾರೆ. ನೀವೇ ಬರೆದುಕೊಡಿ, ಕೆಳಗೆ ಮೂವರ ಸಹಿ ಇರಲಿ. ನಾನು ಬರೆದುಕೊಟ್ಟೆ. ಚೆನ್ನಾಗಿಯೇ ಬರೆದಿದ್ದೆ.

ಕುಣಿಗಲ್

ರತ್ನಮ್ಮನ ಮನೆ ಕೆರೆಯ ಏರಿಯ ಕೆಳಗೆ. ನಾನೂ ಸುವಾರ್ತಿಕರೂ ಹೋದಾಗ ಅವಳ ಅತ್ತೆ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಮ್ಮ ಚರ್ಚಿನವರು ಬಂದರೆ ಆಕೆ ಯಾವಾಗಲೂ ಮುಖ ತಿರುಗಿಸುತ್ತಿದ್ದರು. ಇವತ್ತು ಜಾಗ ಬಿಟ್ಟು ಕೊಟ್ಟರು. “ನಮ್ ಸೊಸೆ ಬಾಗ್ಲು ಮುರ್ದವಳಂತೆ ಅಲ್ಲೋಗಿ. ಇಲ್ಲೂ ಎರಡು ಮುರ್ದವಳೆ” ಎಂದರು.

ಸುವಾರ್ತಿಕರು ಕರಪತ್ರವನ್ನು ಓದಿದರು. ರತ್ನಮ್ಮ ಮೊರ ಹಿಡಿದುಕೊಂಡೇ ಕೇಳಿದಳು. ಮುಗಿದ ಮೇಲೆ ನನ್ನ ಕಡೆ ನೋಡಿದಳು.

“ಟೀಚರಮ್ಮ, ಇದ್ರಲ್ಲಿ ನೀವು ಬ್ಯಾಡ ಅಂದಿದ್ದು ಇಲ್ವಲ್ಲ?”

ಅದರಲ್ಲಿ ಕೊಂಕೇನೂ ಇರಲಿಲ್ಲ. ಅಡುಗೆಗೆ ಉಪ್ಪು ಹಾಕಲಿಲ್ಲವಾ ಎಂದು ಕೇಳಿದ ಹಾಗಿತ್ತು. ಸುವಾರ್ತಿಕರು ಕಾಗದದಿಂದ ಕಣ್ಣೆತ್ತಿದರು. “ಏನು ಬೇಡ ಅಂದದ್ದು?” ಎಂದರು.

“ಅದೇನೂ ಮುಖ್ಯ ಅಲ್ಲ” ಎಂದೆ ನಾನು.

ರತ್ನಮ್ಮ ಮೊರ ಕೆಳಗಿಟ್ಟಳು. “ಸರಿ ಬುಡಿ” ಎಂದು ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದಳು. ನಿಧಾನವಾಗಿ, ಪೂರ್ತಿ ಹೆಸರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗುಬ್ಬಿ

ಗುಬ್ಬಿಗೆ ಒಬ್ಬಳೇ ಹೋದೆ. ಸುವಾರ್ತಿಕರು ಬರುತ್ತೇನೆಂದರು, ಬೇಡವೆಂದೆ. ಬಸ್ಸಿನಲ್ಲಿ ಇಡೀ ದಾರಿ ಹೇಗೆ ಹೇಳಬೇಕೆಂದು ವಾಕ್ಯ ಕಟ್ಟಿದೆ. ಕರುಣಮ್ಮನಿಗೆ ಗೊತ್ತಿಲ್ಲ. ಹೇಳಿದರೆ ಇಪ್ಪತ್ತು ವರ್ಷದ ಪರಿಚಯ ಮುಗಿಯಬಹುದು. ಹೇಳದೆ ಸಹಿ ಹಾಕಿಸಿಕೊಂಡರೆ ಆ ಸುಳ್ಳಿಗೆ ಅವರ ಹೆಸರೂ ಸೇರುತ್ತದೆ.

ಅವರು ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ ಈಗ. ಕರಪತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪೆನ್ನು ಕೇಳಲಿಲ್ಲ.

“ಅಕ್ಕ, ಇದರಲ್ಲಿ ಒಂದು ಬಿಟ್ಟಿದೆ” ಎಂದೆ. “ಅವತ್ತು ರತ್ನಮ್ಮ ಬಾಗಿಲು ಬಡೀತೀನಿ ಅಂದ್ಳು. ನಾನು…”

“ಗೊತ್ತು ಕಣಮ್ಮ.”

“ರತ್ನಮ್ಮ ಹೇಳಿದ್ಳಾ?”

“ಅವಳು ಯಾಕೆ ಹೇಳ್ತಾಳೆ? ನಾನೇ ಕೇಳಿಸ್ಕೊಂಡೆ. ಪ್ರಜ್ಞೆ ಇತ್ತು ಸುಶೀಲಾ. ಕೈಕಾಲು ಬರ್ತಿರ್ಲಿಲ್ಲ, ನಾಲಿಗೆ ಬರ್ತಿರ್ಲಿಲ್ಲ. ಕಿವಿ ಮಾತ್ರ ಇತ್ತು. ಬಡೀಲಾ ಅಂದ್ಳು. ನೀನು ಬೇಡ ಅಂದೆ. ಅವಳನ್ನ ಬೈದೆ. ಆಮೇಲೆ ಹಿಮದ ಮೇಲೆ ನಿಮ್ಮ ಹೆಜ್ಜೆ ಕರಕರ ಅಂತ ದೂರ ಹೋಯ್ತು.”

ಇಷ್ಟು ದಿನ ನಾನು ಬಾಗಿಲ ಈಚೆಯಿಂದ ಮಾತ್ರ ಅದನ್ನು ನೋಡುತ್ತಿದ್ದೆ. ಆಚೆ ಒಬ್ಬರು ಕೇಳುತ್ತಿದ್ದರೆಂದು ಒಂದು ಸಲವೂ ಹೊಳೆದಿರಲಿಲ್ಲ.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಕ್ಕ?”

“ನೀನೇ ಹೇಳ್ಲಿ ಅಂತ.”

ಅವರು ಕಾಫಿ ಕುಡಿದರು. ಲೋಟ ಹಲ್ಲಿಗೆ ಟಕಟಕ ತಾಗುತ್ತಿತ್ತು. ಕೇಳಬಾರದಿತ್ತೇನೋ, ಆದರೂ ಕೇಳಿದೆ. “ಆಗ ಏನಂತ ಪ್ರಾರ್ಥನೆ ಮಾಡಿದ್ರಿ?”

“ಪ್ರಾರ್ಥನೆ?” ಕರುಣಮ್ಮ ನಕ್ಕರು. “ನಲವತ್ತು ವರ್ಷದಿಂದ ಮಾಡ್ತಿರೋಳು, ಒಂದು ವಾಕ್ಯ ಬರ್ಲಿಲ್ಲ. ಕೀರ್ತನೆ ಎಲ್ಲ ಬಾಯಿಪಾಠ, ಒಂದು ಸಾಲೂ ನೆನಪಾಗ್ಲಿಲ್ಲ. ಒಳಗೊಳಗೇ ಒಂದೇ ಮಾತು ಹೇಳ್ತಿದ್ದೆ. ‘ಅವಳ ಮಾತು ಕೇಳ್ಬೇಡ ಕಣೇ ರತ್ನ, ಅವಳ ಮಾತು ಕೇಳ್ಬೇಡ ಕಣೇ.’”

ಆಮೇಲೆ ಕರಪತ್ರವನ್ನು ತಿರುಗಿಸಿ ನನ್ನ ತೊಡೆಯ ಮೇಲಿಟ್ಟರು.

“ಇದನ್ನೂ ಬರಿ. ಆಮೇಲೆ ಸಹಿ ಹಾಕ್ತೀನಿ.”

ಅಲ್ಲೇ, ಜಗಲಿಯ ಮೇಲೆ, ಕಾಗದದ ಹಿಂಬದಿಯಲ್ಲಿ, ನಾನು ಬೇಡ ಅಂದದ್ದನ್ನೂ ಅವರು ಒಳಗೆ ಹೇಳಿಕೊಂಡದ್ದನ್ನೂ ಬರೆದೆ. ಅವರು ಓದಿ, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಸಹಿ ಹಾಕಿದರು. ಸುವಾರ್ತಿಕರಿಗೆ ತಲುಪಿಸಿದೆ. ಎರಡು ಸಲ ಓದಿದರು. ಇದನ್ನು ಹೇಗೆ ಹಂಚುವುದು ಮೇಡಂ, ಹೆಂಗಸರು ನಿಮ್ಮನ್ನೇ ಬೈಯುತ್ತಾರೆ ಎಂದರು.

ಬೈಯಲಿ, ಹಂಚಿ ಎಂದೆ.